ಕುರ್ಲಾ ಬ್ರಿಜ್ ಇಳಿದ ಮೊಣಕಾಲು

ಐವತ್ತು ದಾಟಿದ ಹೆಂಗಸು ಓಡುತ್ತೇನೆ ಅಂದರೆ ಜನರಿಗೆ ಅದೇನು ಸಂಕಟವೋ! ನನ್ನ ಬಲ ಮೊಣಕಾಲು ನೋಯುತ್ತಿದೆ ಅನ್ನುವ ಸುದ್ದಿ ಮುಂಬೈ ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಹಬ್ಬಿದ್ದೇ ತಡ, ಲಿಫ್ಟಿನಲ್ಲಿ ಸಿಕ್ಕವರೆಲ್ಲ ಡಾಕ್ಟರಾದರು. "ಈ ವಯಸ್ಸಲ್ಲಿ ನಿಮಗ್ಯಾಕ್ರೀ ಓಟ? ಭಜನೆಗೆ ಬನ್ನಿ" ಅಂದವರೂ ಇದ್ದಾರೆ. ಮೈಯೆಲ್ಲ ಉರಿದುಹೋಯಿತು. ನಲವತ್ತೈದರಲ್ಲಿ ಓಡಲು ಶುರುಮಾಡಿದವಳು ನಾನು. ಬೆಳಿಗ್ಗೆ ಓಡದಿದ್ದರೆ ದಿನವಿಡೀ ಮನೆಯವರ ಮೇಲೆ ಹಾರಾಡುತ್ತೇನೆ.

ನೋವು ಮಾತ್ರ ಸುಳ್ಳಲ್ಲ. ಮೆಟ್ಟಿಲು ಹತ್ತುವಾಗ ಸುಮ್ಮನಿರುತ್ತಿದ್ದ ಮೊಣಕಾಲು ಇಳಿಯುವಾಗ ಚುಳ್ ಅನ್ನುತ್ತಿತ್ತು. ಸ್ಟೇಷನ್ ಬ್ರಿಜ್‌ನಿಂದ ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೆ. ಪರೇಲಿನ ಡಾಕ್ಟರಮ್ಮ ಓಟ ನಿಲ್ಲಿಸಿ, ತೊಡೆ ಗಟ್ಟಿಯಾಗುವ ವ್ಯಾಯಾಮ ಹೇಳಿಕೊಟ್ಟರು. ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಕುರ್ಚಿಯ ಮೇಲೆ ಕೂತು, ಬೈದುಕೊಳ್ಳುತ್ತಲೇ ಮೂರು ತಿಂಗಳು ಮಾಡಿದೆ. ಮತ್ತೆ ತೋರಿಸುವ ದಿನ ಬಂತು. ಇವತ್ತು ಅವರು ಬೇಡ ಅಂದುಬಿಟ್ಟರೆ ನನ್ನ ಓಟ ಮುಗಿದ ಹಾಗೆ. ಗಂಡನಿಗೆ ಬೇಕಾಗಿದ್ದೂ ಅದೇ. ಉಡುಪಿ ಕಡೆಯವರು, ಸ್ಟೇಷನ್ ಎದುರಿಗೆ ಹೋಟೆಲು ನಡೆಸುತ್ತಾರೆ. ನಾನು ಕುಂಟುವುದನ್ನು ನೋಡಿ ನೋಡಿ ಹೆದರಿಬಿಟ್ಟಿದ್ದರು.

"ಇನ್ನು ಸಾಕು ಮಾರಾಯ್ತಿ. ವಾಕಿಂಗ್ ಮಾಡು, ಯಾರು ಬೇಡ ಹೇಳ್ತಾರೆ?" ಅಂತ ದಾರಿಯುದ್ದಕ್ಕೂ ಅದೇ ರಾಗ.

"ಡಾಕ್ಟರ್ ಹೇಳ್ಲಿ, ಆಮೇಲೆ ನೋಡೋಣ ರೀ" ಅಂತ ನಾನು ಮುಖ ಊದಿಸಿಕೊಂಡೆ.

ಪರೇಲಿಗೆ ಹೋಗಲು ಕುರ್ಲಾದಲ್ಲಿ ಗಾಡಿ ಬದಲಿಸಬೇಕು. ಇಬ್ಬರೂ ಬ್ರಿಜ್ ಮೇಲಿದ್ದಾಗ ಕೆಳಗೆ ಪರೇಲಿನ ಕಡೆಯ ಸ್ಲೋ ಲೋಕಲ್ ರೈಲು ಬಂದು ನಿಂತಿತು. ನಮಗೇನೂ ಆತುರವಿರಲಿಲ್ಲ, ಸ್ವಲ್ಪ ಹೊತ್ತಿಗೆ ಇನ್ನೊಂದು ಬರುತ್ತದೆ. ಆದರೆ ನಿಂತ ಲೋಕಲ್ ಕಣ್ಣಿಗೆ ಬಿದ್ದ ಮೇಲೆ ಮುಂಬೈಯಲ್ಲಿ ಬುದ್ಧಿಯ ಮಾತು ಕೇಳುವವರು ಯಾರು! ಬ್ಯಾಗು ಎದೆಗವಚಿಕೊಂಡು ಧಡಧಡ ಮೆಟ್ಟಿಲಿಳಿದೆ, ಜನರ ಸಂದಿಯಲ್ಲಿ ನುಗ್ಗಿ ಓಡಿದೆ, ಲೇಡೀಸ್ ಡಬ್ಬಿ ಹತ್ತಿಬಿಟ್ಟೆ. ಗಾಡಿ ಹೊರಟಿತು. ತಿರುಗಿ ನೋಡಿದರೆ ಗಂಡ ಇನ್ನೂ ಮೆಟ್ಟಿಲ ಮೇಲೆಯೇ ನಿಂತು ನನ್ನ ಎಕ್ಸ್‌ರೇ ಕವರನ್ನು ಮೇಲೆತ್ತಿ ಆಡಿಸುತ್ತಿದ್ದಾರೆ.

ಆಗ ಹೊಳೆಯಿತು. ಅಯ್ಯೋ, ನಾನು ಓಡಿದೆ! ಅದೂ ಮೆಟ್ಟಿಲು ಇಳಿದು! ಚುಳ್ ಅನ್ನಲೇ ಇಲ್ಲವಲ್ಲ! ಖುಷಿ ತಡೆಯಲಾರದೆ ಪಕ್ಕದಲ್ಲಿದ್ದ ಮರಾಠಿ ಹೆಂಗಸಿಗೆ ಎಲ್ಲ ಹೇಳಿಯೇಬಿಟ್ಟೆ. ಪಾಪ, ಆಕೆ ಗಾಬರಿಯಾಗಿ "ಬಸಾ ತಾಈ, ಬಸಾ" ಅಂತ ಸೀಟು ಬಿಟ್ಟುಕೊಟ್ಟಳು. ಕೂರುವುದೆಲ್ಲಿ ಬಂತು! ಅಷ್ಟರಲ್ಲಿ ಗಂಡನ ಫೋನು.

"ನಿನ್ನ ಕಾಲಿಗೆ ಡಾಕ್ಟರ್ ಅಲ್ಲ, ಸಂಕೋಲೆ ಬೇಕು! ಎಕ್ಸ್‌ರೇ ಎಲ್ಲ ನನ್ನ ಕೈಯಲ್ಲಿ ಉಂಟು!"

ಪರೇಲಿನಲ್ಲಿ ಡಾಕ್ಟರಮ್ಮ ನನ್ನನ್ನು ಒಂಟಿಕಾಲಲ್ಲಿ ನಿಲ್ಲಿಸಿದರು, ಸ್ಟೂಲು ಹತ್ತಿಸಿ ಇಳಿಸಿದರು. ಆಮೇಲಿನ ಗಾಡಿಯಲ್ಲಿ ಬಂದ ಗಂಡ ಏದುಸಿರು ಬಿಡುತ್ತಾ ಒಳಗೆ ನುಗ್ಗಿ ಕುರ್ಲಾದ ಕಥೆಯನ್ನೆಲ್ಲ ಚಾಡಿ ಹೇಳಿದರು. ಡಾಕ್ಟರಮ್ಮ ನಗಲಿಲ್ಲ. ಈಗ ನೋವಿಲ್ಲ ಅನ್ನುವುದು ದೊಡ್ಡದಲ್ಲ, ನಾಳೆ ಬೆಳಿಗ್ಗೆ ಮೊಣಕಾಲು ಊದಿದ್ದರೆ ಓಟವನ್ನು ಮರೆತುಬಿಡಿ, ಊದಿರದಿದ್ದರೆ ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ, ಹೀಗೇ ಕೆಲವು ಸಲ ಮಾಡಿ ಅಂದರು. ಹಾಳು ಲೋಕಲಿಗಾಗಿ ಎಲ್ಲ ಕೆಡಿಸಿಕೊಂಡೆನೇನೋ ಅನ್ನಿಸಿತು.

ಮರುದಿನ ಎಚ್ಚರವಾದರೂ ಹೊದಿಕೆ ಸರಿಸಲು ಧೈರ್ಯ ಬರಲಿಲ್ಲ. ಗಂಡನೇ ಸರಿಸಿದರು. ಇಡ್ಲಿ ಬೆಂದಿದೆಯೋ ಅಂತ ನೋಡುವವರ ಹಾಗೆ ಎರಡೂ ಮೊಣಕಾಲುಗಳನ್ನು ಒತ್ತಿ ಒತ್ತಿ ನೋಡಿದರು. ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ.

"ಎಂತದೂ ಊದ್ಲಿಲ್ಲ ಮಾರಾಯ್ತಿ! ಏಳು, ಏಳು!"

ಕೆಳಗಿನ ಮೈದಾನದಲ್ಲಿ ಅವರು ನಿಮಿಷ ಎಣಿಸಲು ಮೊಬೈಲು ಹಿಡಿದು ನಿಂತರು. ನಾನು ಓಡಿದೆ. ಆಹಾ, ಕಿವಿಯ ಪಕ್ಕ ಗಾಳಿ ಹಾಯುವ ಆ ಸದ್ದು! ಎರಡು ಕಾಲೂ ಒಂದೇ ತೂಕದಲ್ಲಿ ನೆಲಕ್ಕೆ ಬೀಳುತ್ತಿದ್ದವು. ಕಿರುಚಬೇಕು ಅನ್ನಿಸಿತು, ಕಿರುಚಿಯೇಬಿಟ್ಟೆ. ಅಷ್ಟರಲ್ಲಿ "ಆಯ್ತು, ನಿಲ್ಲು!" ಅಂದರು. ನಿಂತವಳು ಅಲ್ಲೇ ಗಳಗಳ ಅತ್ತುಬಿಟ್ಟೆ.

ಅವರು ಓಡೋಡಿ ಬಂದರು. "ನೋವಾ? ಎಲ್ಲಿ, ಎಲ್ಲಿ ನೋವು?"

"ಎಲ್ಲೂ ಇಲ್ಲ ರೀ" ಅಂದೆ.

ಅವರು ಮೊಬೈಲಿನಲ್ಲಿ ಮತ್ತೆ ಟೈಮರ್ ಹಾಕಿ, "ಹಾಗಾದ್ರೆ ಈಗ ಎರಡು ನಿಮಿಷ ನಡಿ. ಮತ್ತೆ ಇನ್ನೊಂದು ಓಟ ಉಂಟಲ್ಲ" ಅಂದರು.