ಕೊರಳಿಗೊಂದು ಕತ್ತರಿ

ಮೊನ್ನೆ ಹೊನ್ನಾವರದ ಹಲ್ಲಿನ ಆಸ್ಪತ್ರೆಯಿಂದ ಫೋನ್ ಬಂತು. "ನಿಮ್ಮ ಯಜಮಾನ್ರ ಹಲ್ಲಿಗೆ ಎರಡನೇ ವರ್ಷದ ಎಕ್ಸ್‌ರೇ ಇದೆ. ಯಾವಾಗ ಬರ್ತಾರೆ?"

"ಅವ್ರು ತೀರ್ಕೊಂಡು ನಾಲ್ಕು ತಿಂಗಳಾತು."

ಆ ಕಡೆಯ ಹುಡುಗಿ ತಬ್ಬಿಬ್ಬಾದಳು. "ಅಯ್ಯೋ... ಹಲ್ಲಿಂದ ಎಂತ ತೊಂದ್ರೆ ಆಗಿರ್ಲಿಲ್ವಲ್ಲ?"

"ಇಲ್ಲ ತಂಗಿ, ಹಲ್ಲು ಗಟ್ಟಿ ಇತ್ತು. ಎದೆ ಕೈಕೊಡ್ತು."

ಹೇಳಿದ ಮೇಲೆ ನನಗೇ ನಗು ಬಂತು. ನಾಲ್ಕು ತಿಂಗಳಲ್ಲಿ ಅದೇ ಮೊದಲು.

ಬಲೆ ಹೆಣೆಯುವವರ ಮುಂದಿನ ಹಲ್ಲನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಧಾರೇಶ್ವರದ ನಮ್ಮ ಕೇರಿಯಲ್ಲಿ ಗಂಟು ಹಾಕುವುದು ಕೈ, ದಾರ ಕಡಿಯುವುದು ಹಲ್ಲು. ಮೂವತ್ತು ವರ್ಷ ನೈಲಾನ್ ಕಡಿದು ಕಡಿದು ನಮ್ಮ ಯಜಮಾನರ ಮೇಲಿನ ಹಲ್ಲೊಂದರ ಬುಡದಲ್ಲಿ ಕೀವು ಕಟ್ಟಿತು. ರೂಟ್ ಕೆನಾಲ್ ಮಾಡಿಸಿದರೂ ಮತ್ತೆ ಬಾವು. ಒಸಡು ಕೊಯ್ದು ಬೇರಿನ ತುದಿಯನ್ನೇ ಕತ್ತರಿಸಬೇಕು ಎಂದರು ಡಾಕ್ಟರು.

"ಬೇರು ಕಡಿದ್ರೆ ಮರ ನಿಲ್ತದಾ ಡಾಕ್ಟ್ರೇ?" ಇವರು ಕೇಳಿದರು.

"ಎಲುಬು ತುಂಬ್ಕೊಂಡು ಬಂದ್ರೆ ನಿಲ್ತದೆ. ದಾರ ಕಚ್ಚಿದ್ರೆ ಮಾತ್ರ ನನ್ನ ಕೇಳ್ಬೇಡಿ."

ನನಗೆ ಆ ಹಲ್ಲು ಉಳಿಯಲೇಬೇಕಿತ್ತು. ಅವರು ನಕ್ಕರೆ ಮೊದಲು ಕಾಣುತ್ತಿದ್ದುದೇ ಅದು. ಹೆಣ್ಣು ನೋಡಲು ಬಂದ ದಿನ ತಲೆ ತಗ್ಗಿಸಿದಂತೆ ಮಾಡಿ ನಾನು ನೋಡಿದ್ದೂ ಅದನ್ನೇ. ಹಾಗಾಗಿ ಕುಮಟೆಯ ಪೇಟೆಯಿಂದ ಸಣ್ಣ ಕತ್ತರಿ ತಂದು, ಬಲೆಯ ದಾರದಲ್ಲೇ ಪೋಣಿಸಿ, ಅವರ ಕೊರಳಿಗೆ ಕಟ್ಟಿಬಿಟ್ಟೆ.

ದೋಣಿಯವರು ಬಿಡುತ್ತಾರೆಯೇ? "ಎಂತ ಮಾರಾಯಾ, ಟೈಲರ್ ಆದ್ಯಾ?"

"ಇದು ತಾಳಿ ಮಾರಾಯಾ. ನನ್ನ ಹೆಂಡ್ತಿ ಕಟ್ಟಿದ್ದು."

ವರ್ಷದ ನಂತರ ಎಕ್ಸ್‌ರೇ ನೋಡಿ ಡಾಕ್ಟರು ಖುಷಿಯಾದರು. ಕಪ್ಪಗೆ ಟೊಳ್ಳಾಗಿದ್ದಲ್ಲಿ ಎಲುಬು ಬೆಳ್ಳಗೆ ತುಂಬಿತ್ತು. "ಹೇಳಿದ್ದು ಕೇಳಿದ್ರೆ ಹೀಗೆ!" ನಾನು ಆ ಕೀರ್ತಿಯನ್ನೆಲ್ಲ ನನ್ನ ಕತ್ತರಿಯ ಹೆಸರಿಗೆ ಬರೆದುಕೊಂಡೆ. ಇವರು ಮಾತ್ರ ಬಾಯಿ ಮುಚ್ಚಿಕೊಂಡೇ ನಕ್ಕರು. ಒಸಡಿಗೆ ಬಿಗಿತವಿರಬೇಕು ಅಂದುಕೊಂಡೆ.

ಫೋನ್ ಇಟ್ಟವಳು ಚಾವಡಿಯ ಮೂಲೆಯ ಬಲೆ ಎಳೆದುಕೊಂಡು ಕೂತೆ. ನಾಲ್ಕು ತಿಂಗಳಿಂದ ಮುಟ್ಟಿರಲಿಲ್ಲ. ಆಪರೇಷನ್ ಆದ ಮೇಲೆ ಕೊಂಡ ಬಲೆ ಅದು. ರಿಪೇರಿಯಾದ ಗಂಟುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿದೆ. ಕತ್ತರಿ ತಾಗಿದ ತುದಿ ಒಂದೂ ಇಲ್ಲ! ಎಲ್ಲವೂ ಚಪ್ಪಟೆ, ಎಲ್ಲವೂ ಜಗಿದದ್ದು.

"ಕಳ್ಳ!" ಎಂದೆ, ಗಟ್ಟಿಯಾಗಿಯೇ. ಪಕ್ಕದ ಮನೆಯವರು ಇಣುಕಿದರು.

ಮೊಳೆಗೆ ತೂಗುತ್ತಿದ್ದ ಕತ್ತರಿಯನ್ನು ಇಳಿಸಿ ನನ್ನ ಕೊರಳಿಗೆ ಹಾಕಿಕೊಂಡೆ. ಅವರು ಅರ್ಧಕ್ಕೆ ಬಿಟ್ಟ ಬಲೆಯ ಕಣ್ಣಿಗೆ ಗಂಟು ಬಿಗಿದೆ. ಉಳಿದ ದಾರವನ್ನು ಮುಂದಿನ ಹಲ್ಲಿಗೆ ಸಿಕ್ಕಿಸಿ ಕಡಿದೆ.