ಮರೆಪ್ಪನ ಹೆಸರಿನ ಸಾಲು

ಅಕ್ಕಲಕೋಟದ ನನ್ನ ಚಾದರದ ಅಂಗಡಿಗೆ ನಾಗಣಸೂರಿನ ಮಾಳಪ್ಪ ಬಂದನೆಂದರೆ ವ್ಯಾಪಾರ ನಿಂತಿತೆಂದೇ ತಿಳಿಯಬೇಕು. ಡೊಳ್ಳಿನ ಹಾಡು ಕಟ್ಟುವ ಈತ ಒಮ್ಮೆ ಸಿನಿಮಾಕ್ಕೊಂದು ಹಾಡು ಬರೆದು, ತಾನೇ ಹಾಡಿದ್ದಾನೆ. ಚಾದರ ಕೊಳ್ಳಲು ಬಂದವರನ್ನೂ "ನಮ್ಮ ಪಿಚ್ಚರ್ ನೋಡೀರೇನ್ರಿ?" ಎನ್ನುತ್ತಾನೆ. ನೋಡಿಲ್ಲವೆಂದರೆ ಹಾಡು ಕೇಳಿಸುತ್ತಾನೆ, ನೋಡಿದ್ದೇವೆಂದರೆ ಎರಡು ಸಲ ಕೇಳಿಸುತ್ತಾನೆ. ಆ ಹಾಡು ರೆಕಾರ್ಡ್ ಮಾಡಿದ ಪುಣೆಯ ಸ್ಟುಡಿಯೋದ ಮಾತು ಬಂದರೆ ಮಾತ್ರ ಚಹಾ ಆರಿದ್ದೂ ಅವನಿಗೆ ತಿಳಿಯದು. "ಬೀರೋಬಾನ ಗುಡಿ ಮುಂದ ಮರೆಪ್ಪ ಗುರುಗಳ ಜೋಡಿ ಹಾಡಾಕ ಕುಂತ್ರ ಕಟ್ಟಿ ತುಂಬ ಮಂದಿ ಇರತಿತ್ತು, ಸಾವಕಾರ್ರ. ಸ್ಟುಡಿಯೋದಾಗ ಒಬ್ರೂ ಇಲ್ಲ, ನಾಕೂ ಕಡೆ ಗ್ವಾಡಿ, ಆ ಗ್ವಾಡಿಗೆ ಹಾಡಿ ಬಂದೀನಿ." "ಗ್ವಾಡಿ ಎದ್ದು ಹೋಗಲಿಲ್ಲಲ್ಲ, ಅದ ಪುಣ್ಯಾ," ಎನ್ನುತ್ತೇನೆ ನಾನು, ಅವನೂ ನಗುತ್ತಾನೆ. ನಮ್ಮ ಕಡೆ ಡೊಳ್ಳಿನ ಹಾಡೆಂದರೆ, ಅದನ್ನು ಕಲಿಸಿದ ಗುರುವಿನ ಹೆಸರು ಹೇಳಿಯೇ ಮುಗಿಯಬೇಕು. ಸಿನಿಮಾದವರು ಉದ್ದವಾಯಿತೆಂದು ಆ ಸಾಲನ್ನೇ ತೆಗೆದುಹಾಕಿದರು. ತೀರಿಕೊಂಡ ಮರೆಪ್ಪನ ಹೆಂಡತಿ ಹಣಮವ್ವ ಮೊಬೈಲಿನಲ್ಲಿ ಹಾಡನ್ನು ಕೊನೆತನಕ ಕೇಳಿ, "ಇನ್ನಾ ಮುಗಿದಿಲ್ಲಲ್ಲೋ ಯಪ್ಪಾ, ಮುಂದಿಂದು ಹಚ್ಚು," ಎಂದಳಂತೆ. ಅಂದಿನಿಂದ ಯಾವ ಗಿರಾಕಿಯ ಮೊಬೈಲಿನಲ್ಲಿ ಆ ಹಾಡು ಬಂದರೂ ಮಾಳಪ್ಪ ಎದ್ದು ನಿಲ್ಲುತ್ತಾನೆ. ಅದು ನಿಂತ ಕೂಡಲೇ ಮರೆಪ್ಪನ ಹೆಸರಿನ ಸಾಲನ್ನು ತಾನೇ ಗಟ್ಟಿಯಾಗಿ ಹಾಡಿ ಕೂರುತ್ತಾನೆ. ಅಲ್ಲಿಯವರೆಗೆ ನಾನೂ ಯಾರಿಗೂ ದರ ಹೇಳುವುದಿಲ್ಲ.