ಅವ್ವನ ನಾಗಮಲ್ಲಿಗೆಯ ರಸ

ಜಹೀರಾಬಾದಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆ ತೊಳೆಯುವುದು, ಕ್ರಿಮಿ ಬೆಳೆಸಲು ಬೇಕಾದ ಅಗರ್ ಎಂಬ ಅಂಟು ಕಾಸುವುದು, ಎಲ್ಲವನ್ನೂ ಕುಕ್ಕರಿನಲ್ಲಿಟ್ಟು ಕ್ರಿಮಿ ಕೊಲ್ಲುವುದು ನನ್ನ ಕೆಲಸ. ಆಟೋಕ್ಲೇವಿಗೆ ನಾವು ಕುಕ್ಕರ್ ಎಂದೇ ಅನ್ನುವುದು. ತಟ್ಟೆ, ನೀರು, ಆಲೂಗಡ್ಡೆ ಗಂಜಿ, ಏನಿದ್ದರೂ ಮೊದಲು ಅದರೊಳಗೆ ಹೋಗಿ ಬರಬೇಕು.

ನಾರಾಯಣಖೇಡದ ಹತ್ತಿರದ ನಮ್ಮೂರಲ್ಲಿ ಅವ್ವ ಗಜಕರ್ಣಕ್ಕೆ ನಾಗಮಲ್ಲಿಗೆ ಎಲೆಯನ್ನು ನಿಂಬೆರಸದಲ್ಲಿ ಅರೆದು ಕೊಡುತ್ತಿದ್ದಳು. ಕುರಿಗಾರರ ಓಣಿಯ ಮಂದಿಯೆಲ್ಲ ಅವಳ ಬಳಿಗೇ ಬರುತ್ತಿದ್ದರು. ಒಂದು ಸಲ ಎಲೆ ಕಟ್ಟಿಕೊಟ್ಟು ನಕ್ಕಳು: "ನಿಮ್ಮ ಕಾಲೇಜಿನಾಗ ನೋಡವ್ವ. ಇದರಾಗ ಖರೇನೇ ಏನರ ಅದನೋ, ಇಲ್ಲಾ ನಾ ಇಷ್ಟು ದಿನ ಮಂದಿಗಿ ಬರೇ ಹಸರು ಬಳದೀನೋ."

ಗಟ್ಟಿಯಾದ ಅಗರಿನ ಮೇಲೆ ಗಜಕರ್ಣದ ಶಿಲೀಂಧ್ರ ಸವರಿ ಎರಡು ಕುಳಿ ಕೊರೆದೆ. ಒಂದಕ್ಕೆ ಅಂಗಡಿಯ ಔಷಧ, ಇನ್ನೊಂದಕ್ಕೆ ಅವ್ವನ ಎಲೆಯ ರಸ. ರಸಕ್ಕೆ ಶಕ್ತಿಯಿದ್ದರೆ ಕುಳಿಯ ಸುತ್ತ ಏನೂ ಬೆಳೆಯದೆ ಬಯಲು ಉಂಗುರ ಉಳಿಯುತ್ತದೆ. ವಾರದ ಮೇಲೆ ನೋಡಿದರೆ ಔಷಧದ ಸುತ್ತ ಉಂಗುರವಿತ್ತು. ಅವ್ವನ ಕುಳಿಯ ಅಂಚಿನವರೆಗೂ ಬಿಳಿ ಅರಳೆ ಹಬ್ಬಿತ್ತು.

ಊರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಏನೂ ಇಲ್ಲವ್ವ ಅದರಾಗ."

"ಕುದಿಸಿದಿ ಏನು?"

"ಕುಕ್ಕರಿಗಿ ಹಾಕಲೇಬೇಕು. ಅಲ್ಲಿ ಎಲ್ಲಾಕೂ ಹಂಗೇ ಮಾಡೋದು."

ಓದಿದವರ ನಡುವೆ ಇರುವವಳು ನಾನು, ನನ್ನ ಮಾತಿಗೆ ಎದುರಾಡುವುದು ಅವ್ವನಿಗೆ ತೋಚಲಿಲ್ಲವೇನೋ. ಮರುದಿನ ಬೆಳಿಗ್ಗೆ ಬಚ್ಚಲ ಬದಿಯ ನಾಗಮಲ್ಲಿಗೆ ಗಿಡವನ್ನು ಬೇರುಸಹಿತ ಕಿತ್ತೆಸೆದಿದ್ದಳು. ಎಲೆ ಕೇಳಿ ಬಂದವರಿಗೆ "ದವಾಖಾನಿಗಿ ಹೋಗ್ರಿ" ಎನ್ನತೊಡಗಿದಳಂತೆ. ಆ ಚಳಿಗಾಲದಲ್ಲೇ ತೀರಿಕೊಂಡಳು.

ಈ ವರ್ಷ ನಮ್ಮ ಪ್ರಯೋಗಾಲಯಕ್ಕೆ ತಾಂಡೂರಿನಿಂದ ಹೊಸ ಮೇಡಂ ಬಂದರು. ಯಾವುದೋ ಗಿಡದ ರಸದ ಬಾಟಲಿಯನ್ನು ನಾನು ಕುಕ್ಕರಿಗೆ ಇಳಿಸುತ್ತಿದ್ದಾಗ ಕೈ ಹಿಡಿದರು.

"ಅಕ್ಕಾರ, ತಟ್ಟಿ ಬೇಯಲಿ, ರಸ ಬ್ಯಾಡ್ರಿ. ಕಾವಿಗಿ ಎಷ್ಟೋ ರಸದ ಗುಣಾನೇ ಸತ್ತುಹೋಗ್ತದ. ಸಣ್ಣ ತೂತಿನ ಫಿಲ್ಟರಿನಾಗ ಸೋಸಬೇಕ್ರಿ."

ಅದೇ ವಾರ ಊರಿಗೆ ಹೋದೆ.

ಕುರಿಗಾರರ ಓಣಿಯ ಒಬ್ಬ ಹೆಂಗಸು ಹಿಂದೆಂದೋ ಅವ್ವನಿಂದ ಕಡ್ಡಿ ಒಯ್ದು ಹಿತ್ತಲಲ್ಲಿ ನೆಟ್ಟಿದ್ದಳು. ಅವಳ ಹತ್ತಿರ ಎಲೆ ಬೇಡಿ ತಂದು, ಅರೆದು, ಬರೀ ಸೋಸಿ ಕುಳಿಗೆ ಹಾಕಿದೆ. ವಾರದ ಮೇಲೆ ಕುಳಿಯ ಸುತ್ತ ಉಂಗುರವಿತ್ತು, ಔಷಧದ್ದಕ್ಕಿಂತ ತುಸು ಸಣ್ಣದು. ಸ್ಕೇಲಿನಿಂದ ಅಳೆಯಬೇಕಿತ್ತು. ಗೆರೆಗಳು ಕಣ್ಣಿಗೆ ಕಾಣಲಿಲ್ಲ.

ಎಲೆ ಕೊಟ್ಟವಳಿಗೆ ಹೇಳಲು ಹೋದೆ. ಆಕೆ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತ ಕೇಳಿಸಿಕೊಂಡಳು.

"ನಮಗ ಗೊತ್ತಿದ್ದದ್ದೇ ಆತಲ್ರಿ ಅಕ್ಕಾರ," ಎಂದಳು. "ನಿಮ್ಮವ್ವಗ ಹೇಳಬೇಕಿತ್ತು."